ಪೆಟ್ಟಿಗೆಯೊಳಗಿನ ಪೆಟ್ಟಿಗೆ

ಚೈತ್ರ ವೈಶಾಖಗಳ ಬಿಸಿಲು ಕಲಬುರಗಿಯನ್ನು ಕಾಯಿಸುವ ಪರಿಯನ್ನು ಅನುಭವಿಸಿದವರೇ ಬಲ್ಲರು. ಉಷ್ಣಮಾನ 40 ಡಿಗ್ರಿಯನ್ನು ದಾಟಿತೆಂದರೆ ಖೂಬಾ ಪ್ಲಾಟಿನ ಬೀದಿಗಳಲ್ಲಿ ಮಧ್ಯಾಹ್ನದ ಜನಸಂಚಾರ ವಿರಳವಾಗುತ್ತದೆ; ಹಗಲೆಲ್ಲ ಕಾದ ಮಾಳಿಗೆ ರಾತ್ರಿ ಹತ್ತಾದರೂ ತನ್ನ ಕಾವನ್ನು ಬಿಟ್ಟುಕೊಡುವುದಿಲ್ಲ. ಮನುಷ್ಯನಾದರೆ ಮಜ್ಜಿಗೆ ಕುಡಿದು, ಶಹಾಬಾದ್ ಕಲ್ಲಿನ ನೆಲದ ಮೇಲೆ ಮೈಚಾಚಿ ಹೇಗೋ ಸಹಿಸಿಕೊಳ್ಳುತ್ತಾನೆ. ಅದೇ ಕೋಣೆಯ ಮೂಲೆಯಲ್ಲಿ ಕುಳಿತು ದುಡಿಯುವ ಗಣಕಯಂತ್ರದ ಗತಿಯೇನು?

1958ರಲ್ಲಿ ಆರಂಭವಾದ ಪಿ.ಡಿ.ಎ. ಇಂಜಿನಿಯರಿಂಗ್ ಕಾಲೇಜಿನಿಂದ ಮೊದಲ್ಗೊಂಡು ಈ ಊರಿನಲ್ಲಿ ಯಂತ್ರವಿದ್ಯೆಯನ್ನು ಕಲಿಯುವವರಿಗೆ ಕೊರತೆಯಿಲ್ಲ. ಬಿಡಿಭಾಗಗಳನ್ನು ಕೊಂಡು ತಂದು ಕಂಪ್ಯೂಟರನ್ನು ತಮ್ಮ ಕೈಯಿಂದಲೇ ಜೋಡಿಸುವ ಹವ್ಯಾಸ ಇಂತಹ ಯುವಕರಲ್ಲಿ ಸಹಜ. ಕೆಲವರು ಸೂಪರ್ ಮಾರ್ಕೆಟಿನ ಅಂಗಡಿಗಳನ್ನು ಅಲೆಯುತ್ತಾರೆ. ಕೆಲವರು ರೈಲು ಹತ್ತಿ ಸಿಕಂದರಾಬಾದಿನ ಚಿನಾಯ್ ಟ್ರೇಡ್ ಸೆಂಟರಿಗೋ, ಬೆಂಗಳೂರಿನ ಎಸ್.ಪಿ. ರಸ್ತೆಗೋ ಹೋಗಿಬರುತ್ತಾರೆ. ಹೋಗುವ ಮುನ್ನ ಒಂದು ಪಟ್ಟಿ ಸಿದ್ಧವಾಗುತ್ತದೆ. ಪ್ರೊಸೆಸರಿಗೆ ಇಷ್ಟು, ಮದರ್‌ಬೋರ್ಡಿಗೆ ಇಷ್ಟು, ಗ್ರಾಫಿಕ್ಸ್ ಕಾರ್ಡಿಗೆ ಇಷ್ಟು ಎಂದು ತಂದೆ ಕೊಟ್ಟ ಹಣವನ್ನೆಲ್ಲ ಹಂಚಿದ ಮೇಲೆ, ಪಟ್ಟಿಯ ಕಟ್ಟಕಡೆಗೆ, ಉಳಿದ ಚಿಲ್ಲರೆಗೆ ಎದುರಾಗಿ ಒಂದು ಹೆಸರು ಬರೆಯಲ್ಪಡುತ್ತದೆ: ಎಸ್.ಎಂ.ಪಿ.ಎಸ್. ಅಂಗಡಿಯವನಂತೂ ಆ ಚಿಲ್ಲರೆಯನ್ನೂ ಉಳಿಸಿಕೊಡಲು ಸಿದ್ಧ. “ಕ್ಯಾಬಿನೆಟ್ ಜೋಡಿ ಫ್ರೀ ಬರ್ತದ ನೋಡ್ರಿ. ಐನೂರು ವ್ಯಾಟ್ ಅದ. ಮತ್ತ ಬ್ಯಾರೆ ಯಾಕ ತಗೋತೀರಿ?”

ಈ ಮಾತಿಗೆ ಮರುಳಾಗದವರು ಕಡಿಮೆ. ಆದರೆ ಕಲಬುರಗಿಯಂತಹ ಊರಿನಲ್ಲಿ ಆ ಪಟ್ಟಿಯನ್ನು ತಲೆಕೆಳಗು ಮಾಡಿ ಬರೆಯುವುದೇ ಲೇಸು. ಪ್ರೊಸೆಸರು ಸ್ವಲ್ಪ ಮಂದವಾಗಿದ್ದರೆ ಕೆಲಸ ನಿಧಾನವಾದೀತು, ಅಷ್ಟೆ. ವಿದ್ಯುತ್ತನ್ನು ಒದಗಿಸುವ ಈ ಪೆಟ್ಟಿಗೆ ಕೆಟ್ಟದ್ದಾಗಿದ್ದರೆ ಅದು ತಾನು ಸಾಯುವಾಗ ಮದರ್‌ಬೋರ್ಡನ್ನೂ, ಮೂರು ವರ್ಷದ ಓದಿನ ಬರಹಗಳಿರುವ ಡಿಸ್ಕನ್ನೂ ಜೊತೆಗೆ ಕರೆದೊಯ್ಯಬಹುದು. ಸಾವಿರ ರೂಪಾಯಿಯೊಳಗಿನ ಪೆಟ್ಟಿಗೆಗೂ ಮೂರು ನಾಲ್ಕು ಸಾವಿರದ ಪೆಟ್ಟಿಗೆಗೂ ಇರುವ ಅಂತರವನ್ನು ಅಳೆಯಬೇಕಾದದ್ದು ಹೀಗೆ.

ಈ ಪೆಟ್ಟಿಗೆ ಮಾಡುವ ಕೆಲಸವಾದರೂ ಏನು? ಗೋಡೆಯ ಪ್ಲಗ್ಗಿಗೆ ಬರುವುದು 230 ವೋಲ್ಟಿನ ಪರ್ಯಾಯ ವಿದ್ಯುತ್ತು. ಸೆಕೆಂಡಿಗೆ 50 ಸಲ ಹಿಂದುಮುಂದಾಗಿ ಹರಿಯುವಂಥದು. ಗಣಕಕ್ಕೆ ಬೇಕಾದದ್ದು 12, 5 ಮತ್ತು 3.3 ವೋಲ್ಟುಗಳ ನೇರ ವಿದ್ಯುತ್ತು. ಎಸ್.ಎಂ.ಪಿ.ಎಸ್., ಅಂದರೆ ಸ್ವಿಚ್ ಮೋಡ್ ಪವರ್ ಸಪ್ಲೈ, ಮೊದಲು ಗೋಡೆಯ ವಿದ್ಯುತ್ತನ್ನು ಮುನ್ನೂರು ವೋಲ್ಟಿಗೂ ಮೀರಿದ ನೇರ ವಿದ್ಯುತ್ತನ್ನಾಗಿ ಮಾಡಿಕೊಂಡು, ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಚಿಕ್ಕದೊಂದು ಟ್ರಾನ್ಸ್‌ಫಾರ್ಮರಿನ ಮೂಲಕ ಇಳಿಸಿ, ಮತ್ತೆ ನೇರಗೊಳಿಸಿ ಕಳುಹಿಸುತ್ತದೆ. ಹಳೆಯ ಕಾಲದ ಭಾರವಾದ ಟ್ರಾನ್ಸ್‌ಫಾರ್ಮರು ದೊಡ್ಡ ಕೊಡದಲ್ಲಿ ನಿಧಾನವಾಗಿ ನೀರು ಹೊತ್ತರೆ, ಇದು ತಂಬಿಗೆಯಲ್ಲಿ ಕಣ್ಣೆವೆ ಇಕ್ಕುವುದರೊಳಗೆ ಸಾವಿರ ಸಲ ಹೊತ್ತು ತೊಟ್ಟಿ ತುಂಬಿಸುತ್ತದೆ. 1977ರ ಆಪಲ್ 2 ಗಣಕಕ್ಕೆ ರಾಡ್ ಹೋಲ್ಟ್ ಎಂಬಾತ ಇಂತಹ ಪೆಟ್ಟಿಗೆಯನ್ನು ರಚಿಸಿಕೊಟ್ಟಾಗ ಅದರ ಸಾಮರ್ಥ್ಯ ಕೇವಲ 38 ವ್ಯಾಟ್. 1981ರ ಐ.ಬಿ.ಎಂ. ಗಣಕದ್ದು 63.5 ವ್ಯಾಟ್. 2022ರಲ್ಲಿ ಬಂದ ಆರ್.ಟಿ.ಎಕ್ಸ್. 4090 ಎಂಬ ಗ್ರಾಫಿಕ್ಸ್ ಕಾರ್ಡ್ ಒಂದೇ 450 ವ್ಯಾಟ್ ನುಂಗುತ್ತದೆಂದರೆ ಕಾಲ ಎಷ್ಟು ಮುಂದುವರಿದಿದೆಯೆಂಬುದನ್ನು ವಾಚಕರು ಊಹಿಸಬಹುದು.

ಬರೆದದ್ದೊಂದು, ಇರುವುದೊಂದು

ಪೆಟ್ಟಿಗೆಯ ಮೈಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುವ ವ್ಯಾಟ್ ಸಂಖ್ಯೆಯನ್ನು ನಂಬಿ ಕೊಳ್ಳುವುದು, ಹೊದಿಕೆಯ ಚಿತ್ರವನ್ನು ನೋಡಿ ಕಾದಂಬರಿ ಕೊಂಡಂತೆ. ಬದಿಯಲ್ಲಿ ಅಂಟಿಸಿರುವ ಸಣ್ಣ ಕೋಷ್ಟಕವನ್ನು ಓದಬೇಕು. ಇಂದಿನ ಗಣಕದ ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡುಗಳೆರಡೂ ಬಹುಮಟ್ಟಿಗೆ 12 ವೋಲ್ಟಿನ ಸಾಲಿನಿಂದಲೇ ಆಹಾರ ಪಡೆಯುತ್ತವೆ. ಆ ಸಾಲಿನ ಎದುರಿಗೆ ಎಷ್ಟು ಆಂಪಿಯರ್ ಇದೆಯೋ ಅದನ್ನು 12ರಿಂದ ಗುಣಿಸಿದರೆ ಸತ್ಯ ಹೊರಬೀಳುತ್ತದೆ. 36 ಆಂಪಿಯರ್ ಇದ್ದರೆ 432 ವ್ಯಾಟ್. ಅಂತಹ ಪೆಟ್ಟಿಗೆ ತನ್ನನ್ನು 450 ಎಂದು ಕರೆದುಕೊಂಡರೆ ಅದು ಪ್ರಾಮಾಣಿಕ. 16 ಆಂಪಿಯರ್ ಮಾತ್ರವಿದ್ದರೆ 192 ವ್ಯಾಟ್. ಹೊರಗೆ 500 ಎಂದು ಬರೆದಿದ್ದರೇನು, 5000 ಎಂದು ಬರೆದಿದ್ದರೇನು? ಇನ್ನು ಕೋಷ್ಟಕವೇ ಇಲ್ಲದ ಪೆಟ್ಟಿಗೆಯನ್ನು ಬಿಟ್ಟಿ ಕೊಟ್ಟರೂ ಮನೆಗೆ ತರಬಾರದು. ಕೈಯಲ್ಲಿ ಹಿಡಿದಾಗ ಖಾಲಿ ಡಬ್ಬಿಯಂತೆ ಹಗುರವಾಗಿದ್ದರೂ ಸಂಶಯಪಡುವುದು ಒಳ್ಳೆಯದು.

ಎಷ್ಟು ವ್ಯಾಟ್ ಬೇಕು? ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಓದುಬರಹಕ್ಕೆ, ಪಾಠ ನೋಡಲಿಕ್ಕೆ ಬಳಸುವ ಸಾಧಾರಣ ಗಣಕ 150 ವ್ಯಾಟನ್ನು ಮೀರುವುದು ಅಪರೂಪ. ಪ್ರಾಮಾಣಿಕವಾದ 450 ವ್ಯಾಟ್ ಅದಕ್ಕೆ ಧಾರಾಳವಾಯಿತು. ಆರ್.ಟಿ.ಎಕ್ಸ್. 4060 ಕಾರ್ಡನ್ನು ಹಾಕಿದರೆ ಅದರದ್ದು 115 ವ್ಯಾಟ್; ರೈಜನ್ 5 5600ರಂತಹ ಪ್ರೊಸೆಸರಿನದು ಹೆಚ್ಚೆಂದರೆ 76; ಬೋರ್ಡು, ಡಿಸ್ಕು, ಫ್ಯಾನುಗಳಿಗೆ ಇನ್ನೊಂದು 50 ಎಂದಿಟ್ಟುಕೊಂಡರೂ 250ರ ಒಳಗೇ ಆಯಿತು. ಆದರೂ ಆ ಕಾರ್ಡಿನ ತಯಾರಕರು 550 ವ್ಯಾಟಿನ ಪೆಟ್ಟಿಗೆಯನ್ನು ಹೇಳುತ್ತಾರೆ. ಇದು ವ್ಯಾಪಾರದ ತಂತ್ರವೆಂದು ಹಳಿಯಬೇಕಾಗಿಲ್ಲ. ಗ್ರಾಫಿಕ್ಸ್ ಕಾರ್ಡುಗಳು ಕ್ಷಣಮಾತ್ರ ತಮ್ಮ ಪಾಲಿಗಿಂತ ಬಹಳ ಹೆಚ್ಚನ್ನು ಎಳೆಯುವ ಸ್ವಭಾವದವು. ಇಂಟೆಲ್ ಸಂಸ್ಥೆ 1995ರಲ್ಲಿ ರೂಪಿಸಿದ ಎ.ಟಿ.ಎಕ್ಸ್. ನಿಯಮಗಳ 2022ರ ಮೂರನೆಯ ಆವೃತ್ತಿ, ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ಕಾಲ ಇಮ್ಮಡಿ ಹೊರೆಯನ್ನು ತಡೆದುಕೊಳ್ಳುವ ಶಕ್ತಿಯನ್ನು ಬಯಸಿದ್ದು ಇದಕ್ಕಾಗಿಯೇ. ಹಾಗೆಂದು ಸಾವಿರ ವ್ಯಾಟಿನದನ್ನು ತಂದಿಡುವುದು ಬರಿಯ ಡೌಲು. ಇಬ್ಬರಿರುವ ಮನೆಯಲ್ಲಿ ಮದುವೆಯ ಹಂಡೆಯಲ್ಲಿ ಅನ್ನ ಮಾಡುವವರುಂಟೆ?

ಕಾವಿನ ಲೆಕ್ಕ

ಪೆಟ್ಟಿಗೆಗಳ ಮೇಲೆ ಕಂಚು, ಬೆಳ್ಳಿ, ಬಂಗಾರದ ಬಿಲ್ಲೆಗಳ ಚಿತ್ರಗಳಿರುವುದನ್ನು ಎಲ್ಲರೂ ನೋಡಿರುತ್ತಾರೆ. ಇವು 2004ರಲ್ಲಿ ಅಮೆರಿಕದಲ್ಲಿ ಆರಂಭವಾದ 80 ಪ್ಲಸ್ ಎಂಬ ಯೋಜನೆಯ ಬಿರುದುಗಳು. ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಗಣಕಕ್ಕೆ ಮುಟ್ಟಿತು, ಎಷ್ಟು ಪಾಲು ಕಾವಾಗಿ ಹಾಳಾಯಿತೆಂಬುದಷ್ಟೇ ಅವು ಹೇಳುವ ವಿಷಯ. ಬಂಗಾರದ ಬಿಲ್ಲೆಯಿಂದ ಕರೆಂಟಿನ ಬಿಲ್ಲು ಇಳಿದೀತೆಂದು ಆಸೆಪಡುವವರು ಲೆಕ್ಕ ಮಾಡಿ ನೋಡಲಿ. ಗಣಕಕ್ಕೆ 200 ವ್ಯಾಟ್ ಬೇಕಾದಾಗ ನೂರಕ್ಕೆ 80ರ ದಕ್ಷತೆಯ ಪೆಟ್ಟಿಗೆ 250 ವ್ಯಾಟ್ ಎಳೆಯುತ್ತದೆ. 90ರ ದಕ್ಷತೆಯದು 222. ದಿನಕ್ಕೆ ಆರು ಗಂಟೆ ದುಡಿಸಿದರೂ ತಿಂಗಳಿಗೆ ಉಳಿಯುವುದು ಐದು ಯೂನಿಟ್. ಅಷ್ಟಕ್ಕಾಗಿ ಎರಡು ಸಾವಿರ ಹೆಚ್ಚು ತೆರುವುದು ಜಾಣತನವಲ್ಲ. ಆದರೆ ಇದೇ ಲೆಕ್ಕದ ಇನ್ನೊಂದು ಮಗ್ಗುಲು ಕಲಬುರಗಿಯವರಿಗೆ ಮುಖ್ಯ: ಮೊದಲನೆಯ ಪೆಟ್ಟಿಗೆಯ ಹೊಟ್ಟೆಯಲ್ಲಿ 50 ವ್ಯಾಟ್ ಕಾವು ಹುಟ್ಟಿದರೆ ಎರಡನೆಯದರಲ್ಲಿ 22 ಮಾತ್ರ.

ಕಾವು ಮೊದಲು ತಿನ್ನುವುದು ಕೆಪಾಸಿಟರುಗಳನ್ನು. ವಿದ್ಯುತ್ತಿನ ಅಲುಗಾಟವನ್ನು ಸಮಗೊಳಿಸುವ ಈ ಚಿಕ್ಕ ಡಬ್ಬಿಗಳಲ್ಲಿ ಒಂದು ಬಗೆಯ ದ್ರವವಿರುತ್ತದೆ. ಅದು ಕ್ರಮೇಣ ಆರಿಹೋಗುತ್ತದೆ. ಉಷ್ಣಮಾನ ಹತ್ತು ಡಿಗ್ರಿ ಏರಿದರೆ ಆಯುಸ್ಸು ಅರ್ಧವಾಗುತ್ತದೆಂಬುದು ತಂತ್ರಜ್ಞರ ಸ್ಥೂಲ ಲೆಕ್ಕ. 85 ಡಿಗ್ರಿಯ ಗುರುತಿನ ಕೆಪಾಸಿಟರಿಗೂ 105 ಡಿಗ್ರಿಯ ಗುರುತಿನದಕ್ಕೂ ಅದಕ್ಕೇ ಬಹಳ ಅಂತರ. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಮೇಲೆ ಹೇಳಿದ ಬಿರುದುಗಳ ಪರೀಕ್ಷೆ ನಡೆಯುವುದು ಸುಮಾರು 23 ಡಿಗ್ರಿಯ ತಂಪು ಕೋಣೆಯಲ್ಲಿ! ಖೂಬಾ ಪ್ಲಾಟಿನಲ್ಲಿ ಮೇ ತಿಂಗಳ ಯಾವ ಮಧ್ಯಾಹ್ನ 23 ಡಿಗ್ರಿಯನ್ನು ಕಂಡಿದೆ? ಆದ್ದರಿಂದ ಬಿಲ್ಲೆಗಿಂತಲೂ ಕೇಳಬೇಕಾದ ಪ್ರಶ್ನೆ ಬೇರೆ: ಈ ಪೆಟ್ಟಿಗೆ ತನ್ನ ಪೂರ್ಣ ವ್ಯಾಟನ್ನು ಎಷ್ಟು ಡಿಗ್ರಿಯವರೆಗೆ ಕೊಡುತ್ತದೆ? ಒಳ್ಳೆಯ ತಯಾರಕರು 40 ಅಥವಾ 50 ಎಂದು ವಿವರಪತ್ರದಲ್ಲಿ ನಮೂದಿಸಿರುತ್ತಾರೆ. ಈ ಊರಿಗೆ 50ರದ್ದೇ ತಕ್ಕದ್ದು. ಏನನ್ನೂ ನಮೂದಿಸದವರ ಮೌನವನ್ನು ಮೌನವೆಂದೇ ತಿಳಿಯಬೇಕು.

ಧೂಳಿನ ಮಾತನ್ನು ಬೇರೆ ಹೇಳಬೇಕಾಗಿಲ್ಲ. ಕ್ಯಾಬಿನೆಟನ್ನು ನೆಲಕ್ಕಿಡದೆ ಗಿಡ್ಡ ಮಣೆಯ ಮೇಲಿಟ್ಟು, ತಳದ ಜಾಲರಿಯನ್ನು ತಿಂಗಳಿಗೊಮ್ಮೆ ಒರೆಸಿದರೆ ಸಾಕು.

ಕರೆಂಟು ಹೋಗುವಾಗ, ಬರುವಾಗ

ಕಲಬುರಗಿ ನಗರದಲ್ಲಿಯೇ ಪ್ರಧಾನ ಕಚೇರಿಯನ್ನು ಹೊಂದಿರುವ ಜೆಸ್ಕಾಂ 2002ರಿಂದ ಈ ಭಾಗದ ಜಿಲ್ಲೆಗಳಿಗೆ ವಿದ್ಯುತ್ತನ್ನು ಹಂಚುತ್ತಿದೆ. ಮನೆಗೆ ಬರುವ 230 ವೋಲ್ಟು ನೂರಕ್ಕೆ ಆರರಷ್ಟು ಹೆಚ್ಚುಕಡಿಮೆ ಆಗಬಹುದೆಂಬುದು 1956ರ ಭಾರತೀಯ ವಿದ್ಯುತ್ ನಿಯಮಗಳಿಂದ ಬಂದ ಲೆಕ್ಕ. ಅಂದರೆ 216ರಿಂದ 244. ಬೇಸಗೆಯ ಸಂಜೆ ಓಣಿಯ ಕೂಲರು, ಪಂಪುಗಳೆಲ್ಲ ಒಟ್ಟಿಗೆ ಓಡತೊಡಗಿದಾಗ ದೀಪ ಮಂಕಾಗುವುದನ್ನು ನೋಡದವರಿಲ್ಲ. ಇದಕ್ಕಾಗಿ ಸ್ಟೆಬಿಲೈಜರನ್ನು ಹುಡುಕುವ ಅಗತ್ಯವಿಲ್ಲ. 100ರಿಂದ 240 ವೋಲ್ಟು ಎಂದು ನಮೂದಿಸಿರುವ ಪೆಟ್ಟಿಗೆ ಇಳಿದ ವೋಲ್ಟೇಜಿನಲ್ಲಿಯೂ ನೆಮ್ಮದಿಯಿಂದ ದುಡಿಯುತ್ತದೆ. ಹಿಂಬದಿಯಲ್ಲಿ 115–230 ಎಂಬ ಕೆಂಪು ಗುಂಡಿ ಇದ್ದರೆ ಮಾತ್ರ ಜೋಕೆ. ಅದು 115ರಲ್ಲಿದ್ದಾಗ ಪ್ಲಗ್ಗಿಗೆ ಹಾಕಿದರೆ ಮದ್ದಿನ ಸದ್ದೇ ಆದೀತು.

ನಿಜವಾದ ಭಯವಿರುವುದು ವೋಲ್ಟೇಜು ಏರುವುದರಲ್ಲಿ. ಕಂಬದ ನ್ಯೂಟ್ರಲ್ ತಂತಿ ಕಡಿದರೆ ಒಂದು ಮನೆಯ ಪ್ಲಗ್ಗಿನಲ್ಲಿ 230ರ ಬದಲು 400ರ ಸಮೀಪದ ವೋಲ್ಟು ಕಾಣಿಸಿಕೊಳ್ಳಬಹುದು. ಇದನ್ನು ತಡೆಯುವ ಎಸ್.ಎಂ.ಪಿ.ಎಸ್. ಅಂಗಡಿಯಲ್ಲಿ ಸಿಗುವುದಿಲ್ಲ, ಮೀಟರಿನ ಬಳಿ ಓವರ್‌ವೋಲ್ಟೇಜ್ ರಕ್ಷಕವನ್ನು ಎಲೆಕ್ಟ್ರಿಷಿಯನ್‌ನಿಂದ ಹಾಕಿಸಬೇಕು. ಮಳೆಗಾಳಿಯ ದಿನ ಕರೆಂಟು ಹೋದೊಡನೆ ಪ್ಲಗ್ಗಿನ ಸ್ವಿಚ್ಚನ್ನು ಆರಿಸಿ, ಬಂದ ಮೇಲೆ ಐದು ನಿಮಿಷ ತಡೆದು ಹಾಕುವುದಕ್ಕೆ ಮಾತ್ರ ಕಾಸು ಖರ್ಚಿಲ್ಲ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಗುಣವನ್ನೂ ಮೊದಲೇ ತಿಳಿದುಕೊಳ್ಳಬೇಕು. ಕರೆಂಟು ಹೋದ ಗಳಿಗೆಗೂ ಇನ್ವರ್ಟರ್ ಕೈಹಿಡಿಯುವ ಗಳಿಗೆಗೂ ನಡುವೆ ಅಲ್ಪ ಅಂತರವಿದೆ. ಎಸ್.ಎಂ.ಪಿ.ಎಸ್. ತನ್ನ ಕೆಪಾಸಿಟರಿನಲ್ಲಿ ಕೂಡಿಟ್ಟದ್ದರಿಂದ ಸುಮಾರು 16 ಮಿಲಿಸೆಕೆಂಡುಗಳನ್ನು ತೂಗಿಸುತ್ತದೆ. ಇನ್ವರ್ಟರಿನ ಹಿಂದಿನ ಗುಂಡಿಯನ್ನು ಯು.ಪಿ.ಎಸ್. ಎಂಬುದಕ್ಕೆ ತಿರುಗಿಸಿದರೆ ಬದಲಾವಣೆ ಸಾಮಾನ್ಯವಾಗಿ ಅಷ್ಟರೊಳಗೆ ಮುಗಿಯುತ್ತದೆ. ಎರಡು ವರ್ಷ ನೆಟ್ಟಗಿದ್ದ ಗಣಕ ಈಗ ಕರೆಂಟು ಹೋದಾಗಲೆಲ್ಲ ಆರಿ ಹತ್ತುತ್ತಿದೆಯೆಂದರೆ ಜನ ಇನ್ವರ್ಟರನ್ನು ಬೈಯುತ್ತಾರೆ. ಒಣಗಿದ ಕೆಪಾಸಿಟರನ್ನು ಸಂಶಯಿಸುವವರಿಲ್ಲ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರುಗಳ ಒರಟು ವಿದ್ಯುತ್ತಾದರೋ, ಪಿ.ಎಫ್.ಸಿ. ಎಂಬ ಸೌಲಭ್ಯವುಳ್ಳ ಇಂದಿನ ಒಳ್ಳೆಯ ಪೆಟ್ಟಿಗೆಗಳಿಗೆ ಕೆಲವೊಮ್ಮೆ ಒಗ್ಗುವುದಿಲ್ಲ. ಸೈನ್ ವೇವ್ ಇನ್ವರ್ಟರೇ ಅವುಗಳಿಗೆ ತಕ್ಕ ಜೋಡಿ.

ಇನ್ನು ಅರ್ತಿಂಗಿನ ಮಾತು. ಬರಿಗಾಲಿನಲ್ಲಿ ಕಲ್ಲಿನ ನೆಲದ ಮೇಲೆ ನಿಂತು ಕ್ಯಾಬಿನೆಟನ್ನು ಮುಟ್ಟಿದಾಗ ಬೆರಳು ಜುಮ್ಮೆನ್ನುವುದು ಹಲವರ ಅನುಭವ. ಪೆಟ್ಟಿಗೆ ಕೆಟ್ಟಿದೆಯೆಂದು ಅಂಗಡಿಗೆ ಹೊತ್ತೊಯ್ಯುವವರೂ ಉಂಟು. ದೋಷ ಅನೇಕ ಸಲ ಗೋಡೆಯಲ್ಲಿರುತ್ತದೆ. ಎಸ್.ಎಂ.ಪಿ.ಎಸ್.ನ ಬಾಗಿಲಲ್ಲಿ ಗದ್ದಲವನ್ನು ಸೋಸುವ ಎರಡು ಪುಟ್ಟ ಕೆಪಾಸಿಟರುಗಳು ಕ್ಯಾಬಿನೆಟ್ಟಿಗೆ ಸೇರಿಕೊಂಡಿರುತ್ತವೆ. ಪ್ಲಗ್ಗಿನ ಮೂರನೆಯ ತೂತಿನ ತಂತಿ ಭೂಮಿಗೆ ಸೇರದಿದ್ದರೆ ಲೋಹದ ಮೈಮೇಲೆ ಅರ್ಧ ವೋಲ್ಟೇಜು, ಅಂದರೆ ಸುಮಾರು 115, ನಿಂತುಬಿಡುತ್ತದೆ. ಪ್ರವಾಹ ಅತ್ಯಲ್ಪವಾದ್ದರಿಂದ ಪ್ರಾಣಭಯವಿಲ್ಲ; ಆದರೆ ಬೇರೆ ದೋಷ ಬಂದ ದಿನ ಕಾಯುವವರೂ ಇಲ್ಲವೆಂದು ಅದರರ್ಥ. ಎರಿಮಣ್ಣು ಬಿರುಕುಬಿಟ್ಟು ಒಣಗುವ ಬೇಸಗೆಯಲ್ಲಿ ಅರ್ತಿಂಗ್ ಗುಂಡಿಗೆ ನೀರು ಹಾಕುವುದು ಹಳೆಯ ರೂಢಿ. ಬೋರಿನ ನೀರಿಗೂ ತತ್ವಾರವಾದ ದಿನಗಳಲ್ಲಿ ಅದು ಮರೆತುಹೋಗುತ್ತದೆ.

ಕೆಟ್ಟ ಪೆಟ್ಟಿಗೆಯನ್ನು ಬಿಚ್ಚಿ ನೋಡುವ ಕುತೂಹಲ ಹುಡುಗರಿಗೆ ಸಹಜ. ಪ್ಲಗ್ಗು ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಮುನ್ನೂರು ವೋಲ್ಟಿಗೂ ಹೆಚ್ಚು ಉಳಿದಿರಬಹುದಾದ್ದರಿಂದ ಅದು ಬೇಡ. ಬಿಡಿಯಾಗಿ ತೆಗೆದು ಹಾಕಬಹುದಾದ ಕೇಬಲ್ಲುಗಳುಳ್ಳ ಪೆಟ್ಟಿಗೆಯನ್ನು ಬದಲಾಯಿಸುವಾಗ ಹಳೆಯ ಕೇಬಲ್ಲುಗಳನ್ನು ಹೊಸದಕ್ಕೆ ಸಿಕ್ಕಿಸಲೂ ಬಾರದು. ಮೂತಿಯ ಆಕಾರ ಒಂದೇ ಆಗಿ ಕಂಡರೂ ಒಳಗಿನ ತಂತಿಗಳ ಕ್ರಮ ಒಂದೊಂದು ಕಂಪೆನಿಯದು ಒಂದೊಂದು ಬಗೆ. 5 ವೋಲ್ಟು ಹೋಗಬೇಕಾದಲ್ಲಿ 12 ಹೋಗಿ ಡಿಸ್ಕು ಸುಟ್ಟೀತು.

ಕೊನೆಗೆ ವಾರಂಟಿ. ಇತರ ಗುಣಗಳು ಸಮನಾದ ಎರಡು ಪೆಟ್ಟಿಗೆಗಳಲ್ಲಿ ಮೂರು ವರ್ಷದ್ದಕ್ಕಿಂತ ಐದು ವರ್ಷದ್ದನ್ನೇ ಆರಿಸಬೇಕು. ಕೆಟ್ಟರೆ ಬದಲಾಯಿಸಿಕೊಡುವ ಕೇಂದ್ರ ಯಾವ ಊರಿನಲ್ಲಿದೆಯೆಂದು ಹಣ ಎಣಿಸುವ ಮುನ್ನವೇ ಕೇಳಬೇಕು. ಬಿಲ್ಲು ನುಣುಪು ಕಾಗದದಲ್ಲಿ ಮುದ್ರಿತವಾಗಿದ್ದರೆ ಅಂದೇ ಅದರ ಜೆರಾಕ್ಸ್ ಮಾಡಿಸಿಡಬೇಕು. ಆ ಕಾಗದದ ಅಕ್ಷರಗಳೂ ಕಾವಿಗೆ ಅಳಿಸಿಹೋಗುವಂಥವೇ.