ಮೀನಿನ ತೊಟ್ಟಿಯ ಸೋಸುಚೀಲ

ಬಟ್ಟೆ ಬೆಳ್ಳಗಾದರೆ ಶುಚಿಯಾಯಿತೆಂದು ತಿಳಿಯುವುದು ನಮ್ಮ ಮನೆಗಳ ವಾಡಿಕೆ. ಮೀನಿನ ತೊಟ್ಟಿಯ ಸೋಸುಚೀಲದ ವಿಷಯದಲ್ಲಿ ಈ ನಂಬಿಕೆಯೇ ಮೀನುಗಳಿಗೆ ಮೃತ್ಯುವಾಗುವುದುಂಟು.

ದೊಡ್ಡ ತೊಟ್ಟಿಗಳಲ್ಲಿ ನೀರು ಫೆಲ್ಟ್ ಅಥವಾ ನೈಲಾನ್ ಚೀಲದ ಮೂಲಕ ಹಾದು ಕೆಳಗಿನ ತೊಟ್ಟಿಗಿಳಿಯುತ್ತದೆ. ತಿನ್ನದುಳಿದ ಆಹಾರವೂ ಮೀನುಗಳ ಮಲವೂ ಆ ಚೀಲದಲ್ಲಿ ನಿಲ್ಲುತ್ತವೆ. ಅಲ್ಲಿಯೇ ಬಿಟ್ಟರೆ ಅವು ಕೊಳೆತು ನೀರನ್ನು ಕೆಡಿಸುತ್ತವೆ. ಆದಕಾರಣ ವಾರಕ್ಕೊಮ್ಮೆಯಾದರೂ ಚೀಲವನ್ನು ಬದಲಿಸಬೇಕು. ಎರಡು ಮೂರು ಚೀಲಗಳಿದ್ದರೆ ಒಂದನ್ನು ತೊಳೆಯುವಾಗ ಮತ್ತೊಂದು ಕೆಲಸಕ್ಕೊದಗುತ್ತದೆ.

ಮೊದಲು ಚೀಲವನ್ನು ಒಳಮಗ್ಗುಲು ಹೊರಮಾಡಿ, ರಭಸದ ನೀರಿನಿಂದ ಕಸವನ್ನೆಲ್ಲ ಕಳೆಯಬೇಕು. ಸಾಬೂನು, ಬಟ್ಟೆಯ ಪುಡಿಗಳನ್ನು ಮುಟ್ಟಿಸಲಾಗದು. ಅನೇಕ ವೇಳೆ ಇಷ್ಟು ತೊಳೆದು ಬಿಸಿಲಿಗೆ ಹಾಕಿದರೆ ಸಾಕು. ಜಿಡ್ಡು ಬಿಡದಿದ್ದರೆ ಮಾತ್ರ, ಪರಿಮಳವಿಲ್ಲದ ಬ್ಲೀಚು ದ್ರವದ 1 ಭಾಗಕ್ಕೆ 20 ಭಾಗ ನೀರು ಬೆರೆಸಿ, ಗಾಳಿಯಾಡುವ ಕಡೆ ಕೆಲವು ಗಂಟೆ ನೆನೆಸಬಹುದು. ಕೈಗೆ ರಬ್ಬರು ಚೀಲವಿರಲಿ. ಮಕ್ಕಳು ಹತ್ತಿರ ಸುಳಿಯದಿರಲಿ.

ಇಲ್ಲಿ ನಮ್ಮ ಸೀಮೆಯವರು ಗಮನಿಸಬೇಕಾದ ಮಾತೊಂದಿದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆಯಲ್ಲಿ, ಗೌನಿಪಲ್ಲಿಯಂತಹ ಊರುಗಳಿಗೆ ಕೊಳವೆ ಬಾವಿಯೇ ಆಸರೆ. ಗಡಸು ನೀರಿನಿಂದ ಚೀಲದ ಮೇಲೆ ಬಿಳಿಯ ಸುಣ್ಣದ ಪದರ ಕಟ್ಟುತ್ತದೆ. ಇದಕ್ಕೆ ಹುಳಿಯೇ ಮದ್ದು, ವಿನಿಗರಿನಲ್ಲಿಟ್ಟರೆ ಕರಗುತ್ತದೆ. ಆದರೆ ವಿನಿಗರು, ನಿಂಬೆಹುಳಿ, ಪಾಯಖಾನೆ ತೊಳೆಯುವ ಆಮ್ಲ ಇವುಗಳಲ್ಲಿ ಯಾವುದನ್ನೂ ಬ್ಲೀಚಿನೊಡನೆ ಸೇರಿಸಕೂಡದು. ಸೇರಿದೊಡನೆ ಕ್ಲೋರಿನ್ ವಾಯು ಹೊರಡುತ್ತದೆ. 1915ರಲ್ಲಿ ಈಪ್ರ್ ರಣರಂಗದಲ್ಲಿ ಸೈನಿಕರ ಮೇಲೆ ಬಿಟ್ಟ ವಿಷವಾಯು ಇದೇ. ಸುಣ್ಣ ಕಳೆಯುವ ಕೆಲಸ ಒಂದು ದಿನಕ್ಕೂ ಬ್ಲೀಚಿನ ಕೆಲಸ ಮತ್ತೊಂದು ದಿನಕ್ಕೂ ಇರಲಿ. ನಡುವೆ ಚೀಲವನ್ನು ಚೆನ್ನಾಗಿ ಜಾಲಿಸಿರಬೇಕು.

ಇನ್ನು ಉಳಿದ ಬ್ಲೀಚಿನ ಮಾತು. ನಾವು ಕುಡಿಯುವ ನೀರಿನಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದ್ದರೆ ಅದು ನಮಗೆ ರಕ್ಷೆ. ಅಷ್ಟೇ ಪ್ರಮಾಣವು ಮೀನಿನ ಕಿವಿರುಗಳನ್ನು ಸುಡಬಲ್ಲುದು. ದಪ್ಪ ಬಟ್ಟೆಯ ಎಳೆಗಳ ನಡುವೆ ಅಡಗಿದ ಬ್ಲೀಚು ಬರಿಯ ನೀರಿಗೆ ಬೇಗ ಬಿಡುವುದಿಲ್ಲ. ಆದ್ದರಿಂದ ಮೂರು ನಾಲ್ಕು ಸಲ ಹೊಸ ನೀರಿನಲ್ಲಿ ಹಿಂಡಿದ ಮೇಲೆ, 10 ಲೀಟರು ನೀರಿಗೆ ಒಂದು ಚಹಾ ಚಮಚೆ ಸೋಡಿಯಂ ಥಯೋಸಲ್ಫೇಟ್ ಹರಳನ್ನು ಕರಗಿಸಿ ಅದರಲ್ಲಿ ಒಂದು ಗಂಟೆ ಬಿಡಬೇಕು. ಛಾಯಾಚಿತ್ರಗಾರರ ‘ಹೈಪೋ’ ಇದೇ. ಇದು ಕ್ಲೋರಿನ್ನಿನ ವಿಷವನ್ನು ಮುರಿಯುತ್ತದೆ. ಇದಕ್ಕೂ ಹುಳಿ ಸೋಂಕದಿರಲಿ. ಬಳಿಕ ಮತ್ತೆ ಜಾಲಿಸಿ, ಒಂದು ಹಗಲು ಪೂರ್ತಿ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಬೇಕು. ಬಿಸಿಲೂ ಗಾಳಿಯೂ ಅಳಿದುಳಿದುದನ್ನು ಕಳೆಯುತ್ತವೆ.

ಬ್ಲೀಚಿನೊಡನೆ ಪಳಗಿದ ಮೂಗಿಗೆ ವಾಸನೆ ತಿಳಿಯದಿರಬಹುದು. ಒಣಗಿದ ಚೀಲವನ್ನು ಒಂದು ಬಟ್ಟಲು ನೀರಿನಲ್ಲಿ ನೆನೆಸಿ, ಕ್ಲೋರಿನ್ ಪರೀಕ್ಷಿಸುವ ಕಾಗದವನ್ನು ಅದ್ದಿ ನೋಡುವುದು ಲೇಸು. ಬಣ್ಣ ತಿರುಗಿದರೆ ಹೈಪೋ ನೀರಿಗೆ ಮತ್ತೊಮ್ಮೆ ಹಾಕಬೇಕು.

ಕೊನೆಯದಾಗಿ, ತೊಟ್ಟಿಯ ಸೋಸುಕಲ್ಲು, ಸ್ಪಂಜುಗಳಿಗೆ ಬ್ಲೀಚು ಎಂದಿಗೂ ಬೇಡ. ಮೀನಿನ ಮಲದಿಂದ ಹುಟ್ಟುವ ಅಮೋನಿಯವನ್ನು ಅರಗಿಸುವ ಸೂಕ್ಷ್ಮಜೀವಿಗಳು ಅಲ್ಲಿ ನೆಲೆಸಿರುತ್ತವೆ. ಅವನ್ನು ತೊಟ್ಟಿಯ ನೀರಿನಲ್ಲಿಯೇ ಅಲುಬಿದರೆ ಸಾಕು. ಮಾತು ಬಾರದ ಜೀವಿಗಳನ್ನು ಮನೆಗೆ ತಂದವರು ಇಷ್ಟು ಎಚ್ಚರವನ್ನು ಅವುಗಳಿಗೆ ಸಲ್ಲಿಸಬೇಕಾದುದು ನ್ಯಾಯವೇ ಸರಿ.