ಶಿಲಾಶಾಸನದಿಂದ ಧ್ವನಿಮುದ್ರಣಕ್ಕೆ: ರಾಜ್ಯಶಾಸ್ತ್ರ ಬೋಧನೆಯಲ್ಲಿ ಶ್ರವ್ಯ-ದೃಶ್ಯ ಸಾಕ್ಷ್ಯ

ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರು ಇತಿಹಾಸಾಸಕ್ತರಿಗೆ ಸುಪರಿಚಿತವಾದ ಊರು. ಇಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಸುಮಾರು ಕ್ರಿ.ಶ. 890ರ ಕಾಲದ್ದೆಂದು ವಿದ್ವಾಂಸರು ನಿರ್ಣಯಿಸಿರುವ ಶಾಸನವು ಬೆಂಗಳೂರ ಕಾಳಗವನ್ನು ಹೆಸರಿಸಿ, ಈ ಮಹಾನಗರದ ಹೆಸರು ಎಷ್ಟು ಹಳೆಯದೆಂಬುದಕ್ಕೆ ಆಧಾರವಾಗಿದೆ. ಇದೇ ಊರಿನ ಮತ್ತೊಂದು ವೀರಗಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಒಯ್ಯಲಾಯಿತು. ನಾಗತ್ತರನೆಂಬ ವೀರನು ವೀರಮಹೇಂದ್ರನ ಸೇನೆಯೊಡನೆ ಕಾದಿ ಮಡಿದುದನ್ನೂ, ಗಂಗರ ದೊರೆ ಎರೆಯಪ್ಪನು ಅದನ್ನು ಮೆಚ್ಚಿ ಇರುಗನೆಂಬವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ದಯಪಾಲಿಸಿದುದನ್ನೂ ಆ ಕಲ್ಲು ಸಾರುತ್ತದೆ. ಕಾಳಗದ ಚಿತ್ರವೂ ಉಂಟು, ಅದರ ಕೆಳಗೆ ಮಾತೂ ಉಂಟು. ದೃಶ್ಯ ಮತ್ತು ಶಬ್ದಗಳನ್ನು ಒಂದೇ ಹಾಸಿನಲ್ಲಿ ಸೇರಿಸಿ ಮುಂದಿನ ಪೀಳಿಗೆಗೆ ಒಪ್ಪಿಸುವ ಹಂಬಲ ಇಂದು ನಿನ್ನೆಯದಲ್ಲ.

ಈ ಕಲ್ಲು ಒಂದು ಉತ್ತಮ ರಾಜ್ಯಶಾಸ್ತ್ರ ಪಾಠವೂ ಹೌದು. ಅಧಿಕಾರವನ್ನು ಕೊಡುವವನು ಯಾರು, ಪಡೆಯುವವನು ಯಾರು, ಯಾವ ಸೇವೆಗಾಗಿ ಅದು ದೊರೆಯುತ್ತದೆ ಎಂಬುದು ಕೆಲವೇ ಪಂಕ್ತಿಗಳಲ್ಲಿ ತಿಳಿಯುತ್ತದೆ. ಆದರೆ ಕಲ್ಲು ಹೇಳದಿರುವುದೂ ಇದೆ. ವೀರಮಹೇಂದ್ರನ ಕಡೆಯವರು ಆ ಕಾಳಗವನ್ನು ಹೇಗೆ ವರ್ಣಿಸುತ್ತಿದ್ದರು? ಹನ್ನೆರಡು ಹಳ್ಳಿಗಳ ಒಕ್ಕಲಿನವರು ಹೊಸ ಒಡೆಯನನ್ನು ಹೇಗೆ ಕಂಡರು? ಕಲ್ಲನ್ನು ಕೆತ್ತಿಸಿದವರಿಗೆ ಆ ಪ್ರಶ್ನೆಗಳು ಬೇಕಿರಲಿಲ್ಲ. ಶಾಸನವನ್ನು ಓದಬಲ್ಲ ಉಪಾಧ್ಯಾಯರು ವಿದ್ಯಾರ್ಥಿಗಳಿಗೆ ಮೊದಲು ಕಲಿಸುವುದು ಇದನ್ನೇ: ಬರೆದುದನ್ನು ಓದಬೇಕು, ಬರೆಸಿದವರನ್ನೂ ಓದಬೇಕು.

ಧ್ವನಿಮುದ್ರಣ, ವಾರ್ತಾಚಿತ್ರ, ದೂರದರ್ಶನದ ದಾಖಲೆ ಮುಂತಾದವುಗಳನ್ನು ರಾಜ್ಯಶಾಸ್ತ್ರದ ತರಗತಿಗೆ ತರುವ ಇಂದಿನ ಪ್ರಯತ್ನಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಪ್ರತ್ಯಕ್ಷವೋ ಶಬ್ದವೋ

ಯಥಾರ್ಥಜ್ಞಾನಕ್ಕೆ ಸಾಧನವಾದ ಪ್ರಮಾಣಗಳಲ್ಲಿ ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಮೂರನ್ನು ನಮ್ಮ ಶಾಸ್ತ್ರಕಾರರು ಮುಖ್ಯವಾಗಿ ಚರ್ಚಿಸಿದ್ದಾರೆ. ಇಂದ್ರಿಯಗಳಿಗೆ ನೇರವಾಗಿ ಗೋಚರವಾಗುವುದು ಪ್ರತ್ಯಕ್ಷ. ನಂಬಲರ್ಹನಾದ ಆಪ್ತನ ಮಾತಿನಿಂದ ತಿಳಿಯುವುದು ಶಬ್ದ. ಹಾಗಾದರೆ ಐವತ್ತು ವರ್ಷಗಳ ಹಿಂದಿನ ಭಾಷಣವೊಂದನ್ನು ತರಗತಿಯಲ್ಲಿ ಕೇಳಿಸಿದಾಗ ವಿದ್ಯಾರ್ಥಿಗೆ ದೊರೆಯುವುದು ಯಾವ ಪ್ರಮಾಣ?

ಮೇಲ್ನೋಟಕ್ಕೆ ಅದು ಪ್ರತ್ಯಕ್ಷವೇ. ಕಿವಿ ಕೇಳುತ್ತಿದೆ, ಕಣ್ಣು ಕಾಣುತ್ತಿದೆ. ಆದರೆ ಯಂತ್ರವನ್ನು ಎಲ್ಲಿಟ್ಟರು, ಎಲ್ಲಿ ಆರಂಭಿಸಿ ಎಲ್ಲಿ ನಿಲ್ಲಿಸಿದರು, ಯಾವ ಭಾಗವನ್ನು ಕತ್ತರಿಸಿದರು ಎಂಬುದನ್ನೆಲ್ಲ ನಿರ್ಣಯಿಸಿದವರು ಬೇರೆಯವರು. ವಿದ್ಯಾರ್ಥಿ ಕಾಣುವುದು ಘಟನೆಯನ್ನಲ್ಲ, ಘಟನೆಯನ್ನು ಕುರಿತು ಒಬ್ಬರು ನೀಡಿದ ಸಾಕ್ಷ್ಯವನ್ನು. ಆದುದರಿಂದ ಮುದ್ರಿತ ಧ್ವನಿಯೂ ಚಿತ್ರವೂ ಪ್ರತ್ಯಕ್ಷದ ವೇಷ ತೊಟ್ಟ ಶಬ್ದಪ್ರಮಾಣಗಳು. ಸಾಕ್ಷಿಯ ಆಪ್ತತೆಯನ್ನು ಪರೀಕ್ಷಿಸದೆ ಅವನ್ನು ಒಪ್ಪಲಾಗದು. ‘ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು’ ಎಂಬ ಗಾದೆಗೆ ಇದಕ್ಕಿಂತ ತಕ್ಕ ಸಂದರ್ಭ ದೊರಕಲಾರದು.

ಇಷ್ಟು ಎಚ್ಚರವಿದ್ದರೆ ಈ ಸಾಧನಗಳ ಪ್ರಯೋಜನ ದೊಡ್ಡದು. ರಾಜ್ಯಶಾಸ್ತ್ರವು ಪ್ರೌಢಶಾಲೆಯಲ್ಲಿಯೂ ಕಾಲೇಜಿನಲ್ಲಿಯೂ ಬಹುಮಟ್ಟಿಗೆ ಕಂಠಪಾಠದ ವಿಷಯವಾಗಿ ಉಳಿದಿದೆ. ರಾಜ್ಯಪಾಲರ ಅಧಿಕಾರಗಳು ಎಷ್ಟು ವಿಧ ಎಂದರೆ ಥಟ್ಟನೆ ಹೇಳುವ ವಿದ್ಯಾರ್ಥಿ, ಬಹುಮತವನ್ನು ಎಲ್ಲಿ ಸಾಬೀತುಪಡಿಸಬೇಕು, ಏಕೆ ಅಲ್ಲಿಯೇ ಪಡಿಸಬೇಕು ಎಂದು ಕೇಳಿದರೆ ತಡವರಿಸುತ್ತಾನೆ. 1989ರಲ್ಲಿ ಜಾರಿಗೆ ಬಂದ ಸಂವಿಧಾನದ 61ನೆಯ ತಿದ್ದುಪಡಿಯಿಂದ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಶಾಲೆ ಬಿಟ್ಟ ಎರಡು ಮೂರು ವರ್ಷಗಳಲ್ಲಿಯೇ ಮತಗಟ್ಟೆಗೆ ಹೋಗುವ ಯುವಕ ಯುವತಿಯರಿಗೆ ಅಧಿಕಾರವು ಹೇಗೆ ಮಾತನಾಡುತ್ತದೆ, ಹೇಗೆ ಪ್ರಶ್ನೆಗೆ ಒಳಗಾಗುತ್ತದೆ ಎಂಬುದರ ಪರಿಚಯ ಅತ್ಯಗತ್ಯ.

ಅಮೆರಿಕೆಯ ಎರಡು ಪಾಠಗಳು

ಅಮೆರಿಕೆಯ ಅಧ್ಯಕ್ಷೀಯ ಪದ್ಧತಿಯನ್ನು ತೌಲನಿಕ ರಾಜ್ಯಶಾಸ್ತ್ರದಲ್ಲಿ ನಮ್ಮ ವಿದ್ಯಾರ್ಥಿಗಳೂ ಓದುತ್ತಾರೆ. ಅಲ್ಲಿನ ಧ್ವನಿ ಮತ್ತು ಚಿತ್ರಗಳ ಸಂಗ್ರಹವು ಅತ್ಯಂತ ಸಮೃದ್ಧವಾದುದರಿಂದ, ಈ ಬೋಧನಾಕ್ರಮದ ಗುಣದೋಷಗಳನ್ನು ಅರಿಯಲು ಎರಡು ಉದಾಹರಣೆಗಳನ್ನು ಅಲ್ಲಿಂದ ಆರಿಸಿಕೊಳ್ಳಬಹುದು.

1960ರ ಸೆಪ್ಟೆಂಬರ್ 26ರಂದು ಅಧ್ಯಕ್ಷ ಪದವಿಯ ಅಭ್ಯರ್ಥಿಗಳಾದ ಕೆನೆಡಿ ಮತ್ತು ನಿಕ್ಸನ್ ದೂರದರ್ಶನದಲ್ಲಿ ಎದುರುಬದುರಾಗಿ ವಾದಿಸಿದರು. ರೇಡಿಯೋ ಕೇಳಿದವರು ನಿಕ್ಸನ್ ಗೆದ್ದನೆಂದೂ ಚಿತ್ರ ನೋಡಿದವರು ಕೆನೆಡಿ ಗೆದ್ದನೆಂದೂ ಭಾವಿಸಿದರು ಎಂಬ ಮಾತು ಬಹಳ ಪ್ರಸಿದ್ಧ. ಆದರೆ ಅದಕ್ಕಿರುವ ಆಧಾರ ದುರ್ಬಲವೆಂದು ಅನೇಕ ವಿದ್ವಾಂಸರು ತೋರಿಸಿದ್ದಾರೆ. ತರಗತಿಯ ಅರ್ಧದಷ್ಟು ವಿದ್ಯಾರ್ಥಿಗಳಿಗೆ ಬರಿಯ ಧ್ವನಿಯನ್ನೂ ಉಳಿದರ್ಧಕ್ಕೆ ಚಿತ್ರವನ್ನೂ ಒದಗಿಸಿ, ಅವರ ತೀರ್ಮಾನಗಳನ್ನು ಹೋಲಿಸಿದರೆ, ರೂಪವು ವಾದದ ಮೇಲೆ ಎಷ್ಟು ಪ್ರಭಾವ ಬೀರುತ್ತದೆ ಎಂಬುದನ್ನು ಅವರೇ ಪರೀಕ್ಷಿಸಿ ತಿಳಿಯುತ್ತಾರೆ. ಪ್ರಸಿದ್ಧವಾದ ಮಾತೂ ಪರೀಕ್ಷೆಗೆ ಒಳಪಡಬೇಕೆಂಬುದು ಅದರೊಡನೆ ಬರುವ ಪಾಠ.

ಎರಡನೆಯದು ವಾಟರ್‌ಗೇಟ್ ಪ್ರಕರಣ. ಅಧ್ಯಕ್ಷ ನಿಕ್ಸನ್ ತನ್ನ ಕಚೇರಿಯ ಸಂಭಾಷಣೆಗಳನ್ನು ಗುಪ್ತವಾಗಿ ಮುದ್ರಿಸಿಕೊಳ್ಳುತ್ತಿದ್ದ ಸಂಗತಿ 1973ರ ಜುಲೈಯಲ್ಲಿ ಬಯಲಾಯಿತು. ಆ ಸುರುಳಿಗಳನ್ನು ಒಪ್ಪಿಸಬೇಕೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1974ರ ಜುಲೈ 24ರಂದು ಏಕಮತದಿಂದ ಆಜ್ಞಾಪಿಸಿತು. ಆಗಸ್ಟ್ 8ರಂದು ನಿಕ್ಸನ್ ತನ್ನ ರಾಜೀನಾಮೆಯನ್ನು ದೂರದರ್ಶನದಲ್ಲಿ ಘೋಷಿಸಿದ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳು ಒಂದನ್ನೊಂದು ಹತೋಟಿಯಲ್ಲಿಡುವ ತತ್ತ್ವವನ್ನು ಇಷ್ಟು ನಿಚ್ಚಳವಾಗಿ ತೋರುವ ನಿದರ್ಶನ ವಿರಳ. ಸುರುಳಿಯೊಂದರಲ್ಲಿ ಹದಿನೆಂಟೂವರೆ ನಿಮಿಷಗಳಷ್ಟು ಮಾತು ಅಳಿಸಿಹೋಗಿತ್ತೆಂಬುದನ್ನು ಉಪಾಧ್ಯಾಯರು ಮರೆಯದೆ ಹೇಳಬೇಕು. ಮುದ್ರಣದಲ್ಲಿ ಮೌನವೂ ಒಂದು ಸಾಕ್ಷ್ಯವೇ.

ನಮ್ಮ ನಾಡಿನ ಸಾಮಗ್ರಿ

ಪರದೇಶದ ನಿದರ್ಶನಗಳಲ್ಲಿಯೇ ನಿಲ್ಲಬೇಕಾದ ಅಗತ್ಯ ಕನ್ನಡ ನಾಡಿಗಿಲ್ಲ. ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಮೊದಲು ಬೆಳಗಿದುದು ಅಲ್ಲಿಯೇ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಅಮೆರಿಕೆಯ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ದೂರದರ್ಶನ ಶಿಕ್ಷಣದ ಪ್ರಯೋಗ ನಡೆದಾಗ, ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗರೂ ಶಾಲಾ ಮಕ್ಕಳೂ ಅದರಲ್ಲಿ ಪಾಲ್ಗೊಂಡರು. ಆ ಪ್ರಯೋಗದ ಅವಧಿ ಸಂಪೂರ್ಣವಾಗಿ ತುರ್ತುಪರಿಸ್ಥಿತಿಯ ಕಾಲದಲ್ಲಿಯೇ ಬಂದುದು ಗಮನಾರ್ಹ. ಅಂದು ಬಾನುಲಿಯೂ ದೂರದರ್ಶನವೂ ಸರ್ಕಾರದ ನೇರ ಅಧೀನದಲ್ಲಿದ್ದವು. 1990ರ ಕಾಯಿದೆಯ ಮೇರೆಗೆ ಪ್ರಸಾರ ಭಾರತಿ ಕಾರ್ಯಾರಂಭ ಮಾಡಿದುದು 1997ರಲ್ಲಿ. 1975ರ ಜೂನ್ 26ರಂದು ಪ್ರಧಾನಿ ಇಂದಿರಾ ಗಾಂಧಿಯವರು ಬಾನುಲಿಯಲ್ಲಿ ಮಾಡಿದ ಭಾಷಣವನ್ನು ಬೋಧಿಸುವಾಗ, ಅದಕ್ಕೆ ಉತ್ತರ ಕೊಡಬಯಸಿದವರಿಗೆ ಅದೇ ಬಾನುಲಿ ದೊರೆಯುತ್ತಿತ್ತೆ ಎಂಬ ಪ್ರಶ್ನೆಯನ್ನೂ ಜೊತೆಗಿಡಬೇಕು.

ಸಂವಿಧಾನದ ಪಾಠಕ್ಕೆ ಡಾ. ಅಂಬೇಡ್ಕರರ ಎರಡು ಮಾತುಗಳನ್ನು ಜೋಡಿಸಬಹುದು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು, ರಾಜಕೀಯದಲ್ಲಿ ಸಮಾನತೆಯೂ ಸಾಮಾಜಿಕ ಮತ್ತು ಆರ್ಥಿಕ ಜೀವನದಲ್ಲಿ ಅಸಮಾನತೆಯೂ ಇರುವ ವಿರೋಧಾಭಾಸದ ಬದುಕಿಗೆ ದೇಶವು ಕಾಲಿಡಲಿದೆ ಎಂದು ಎಚ್ಚರಿಸಿದರು. ಅದು ಅಚ್ಚಿನಲ್ಲಿ ದೊರೆಯುತ್ತದೆ. 1953ರಲ್ಲಿ ಬಿ.ಬಿ.ಸಿ.ಗೆ ಅವರು ನೀಡಿದ ಸಂದರ್ಶನದ ಚಿತ್ರವೂ ಉಳಿದಿದೆ. ಮೊದಲನೆಯದನ್ನು ಓದಿಸಿ, ಬಳಿಕ ಎರಡನೆಯದನ್ನು ತೋರಿಸಿದರೆ, ಒಂದೇ ಚಿಂತೆಯು ನಾಲ್ಕು ವರ್ಷಗಳಲ್ಲಿ ಹೇಗೆ ಗಾಢವಾಯಿತೆಂಬುದು ಮಾತಿನಿಂದಲೂ ಮುಖಭಾವದಿಂದಲೂ ವೇದ್ಯವಾಗುತ್ತದೆ.

ಕರ್ನಾಟಕದ ಮಟ್ಟಿಗೆ ಅತ್ಯುತ್ತಮ ಪಾಠವೆಂದರೆ ಎಸ್.ಆರ್. ಬೊಮ್ಮಾಯಿಯವರ ಪ್ರಕರಣ. ಅವರ ಸರ್ಕಾರವನ್ನು 1989ರ ಏಪ್ರಿಲ್ 21ರಂದು ವಜಾ ಮಾಡಲಾಯಿತು. ಹತ್ತೊಂಬತ್ತು ಶಾಸಕರು ಬೆಂಬಲ ಹಿಂತೆಗೆದುಕೊಂಡಿದ್ದಾರೆಂಬ ಪತ್ರಗಳು ರಾಜ್ಯಪಾಲರಿಗೆ ಸಂದಿದ್ದವು. ಅವರಲ್ಲಿ ಏಳು ಮಂದಿ ಆಮೇಲೆ ತಮ್ಮ ಬೆಂಬಲ ಸರ್ಕಾರಕ್ಕೇ ಇದೆಯೆಂದು ಬರೆದರು. ಸದನದಲ್ಲಿ ಬಹುಮತ ಸಾಬೀತುಪಡಿಸುವೆನೆಂದು ಬೊಮ್ಮಾಯಿಯವರು ಕೋರಿದರೂ ಅವಕಾಶ ದೊರೆಯಲಿಲ್ಲ. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು, ಬಹುಮತದ ಪರೀಕ್ಷೆಗೆ ತಕ್ಕ ಸ್ಥಳ ಸದನವೇ ಹೊರತು ರಾಜಭವನವಲ್ಲ ಎಂಬ ತತ್ತ್ವವನ್ನು ಸ್ಥಾಪಿಸಿತು. ಇದನ್ನು ಪುಸ್ತಕದಿಂದ ಬೋಧಿಸಿದ ಮೇಲೆ, ವಿಧಾನಸಭೆಯ ಎರಡು ದಿನಗಳ ದೃಶ್ಯಗಳನ್ನು ತೋರಿಸಬೇಕು. ಒಂದು, ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ವಿಶ್ವಾಸಮತಕ್ಕೆಂದು ಸದನ ಸೇರಿದ 2018ರ ಮೇ 19. ಅಂದು ನೇರ ಪ್ರಸಾರವಾದ ಕಲಾಪದಲ್ಲಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಮತಕ್ಕೆ ಹಾಕುವ ಮುನ್ನವೇ ರಾಜೀನಾಮೆ ಘೋಷಿಸಿದರು. ಮತ್ತೊಂದು 2019ರ ಜುಲೈ 23, ಅಂದು ಎಚ್.ಡಿ. ಕುಮಾರಸ್ವಾಮಿಯವರ ವಿಶ್ವಾಸಮತ ಯಾಚನೆ 99ಕ್ಕೆ 105 ಮತಗಳಿಂದ ಸೋತಿತು. ಯಾರು ಗೆದ್ದರು, ಯಾರು ಸೋತರು ಎಂಬ ಪಕ್ಷಪಾತಕ್ಕೆ ತರಗತಿಯಲ್ಲಿ ಎಡೆಯಿರಬಾರದು. 1989ರಲ್ಲಿ ಮುಚ್ಚಿದ ಬಾಗಿಲೊಳಗೆ ನಡೆದ ನಿರ್ಣಯವು ಮುಂದೆ ನಾಡಿನ ಕಣ್ಣೆದುರಿಗೇ ನಡೆಯುವಂತಾಯಿತು ಎಂಬುದು ಅಲ್ಲಿ ಮನದಟ್ಟಾಗಬೇಕಾದ ಅಂಶ.

ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳ ಹೆಸರಿನಲ್ಲಿ ಪ್ರಸಿದ್ಧವಾದ ಪ್ರಕರಣದ್ದು ಬೇರೆಯೇ ಕಥೆ. ಹದಿಮೂರು ನ್ಯಾಯಮೂರ್ತಿಗಳು 68 ದಿನ ವಾದ ಆಲಿಸಿ, 1973ರ ಏಪ್ರಿಲ್ 24ರಂದು ಏಳಕ್ಕೆ ಆರರ ಬಹುಮತದಿಂದ ಸಂವಿಧಾನದ ಮೂಲ ಸ್ವರೂಪವನ್ನು ಬದಲಿಸಲಾಗದೆಂದು ತೀರ್ಪಿತ್ತರು. ಆ ವಾದಗಳ ಧ್ವನಿ ಇಂದು ಕೇಳಲು ದೊರೆಯದು. ನಮ್ಮ ನ್ಯಾಯಾಲಯಗಳಲ್ಲಿ ಅಂದು ಮುದ್ರಣದ ರೂಢಿ ಇರಲಿಲ್ಲ. ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯವಾದರೋ 1955ರಿಂದಲೇ ವಾದಗಳನ್ನು ಮುದ್ರಿಸಿಡುತ್ತ ಬಂದಿದೆ. ಭಾರತದ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠದ ಕಲಾಪಗಳು ನೇರವಾಗಿ ಪ್ರಸಾರವಾಗತೊಡಗಿದ್ದು 2022ರ ಸೆಪ್ಟೆಂಬರ್ 27ರಿಂದ. ನಿಯಮಗಳನ್ನು ಓದಿದ ವಿದ್ಯಾರ್ಥಿ ನ್ಯಾಯಮೂರ್ತಿಗಳು ಪ್ರಶ್ನಿಸುವ, ವಕೀಲರು ಉತ್ತರಿಸುವ ರೀತಿಯನ್ನು ಅರ್ಧ ಗಂಟೆ ಕಂಡರೂ ಸಾಕು, ನ್ಯಾಯಾಂಗವೆಂಬ ಪದಕ್ಕೆ ಜೀವ ಬರುತ್ತದೆ.

ಬೋಧನೆಯ ಕ್ರಮ

ಈ ಪಾಠಗಳಿಗೆ ದುಬಾರಿ ಸಲಕರಣೆ ಬೇಕಿಲ್ಲ. ಕತ್ತಲು ಮಾಡಬಹುದಾದ ಒಂದು ಕೊಠಡಿ, ಸ್ಪಷ್ಟವಾಗಿ ಕೇಳಿಸುವ ಧ್ವನಿವರ್ಧಕ, ಒಂದು ಪರದೆ ಸಾಕು. ಬೇಕಾದುದು ಉಪಾಧ್ಯಾಯರ ಪೂರ್ವಸಿದ್ಧತೆ.

ಮೊದಲು ಆ ಭಾಷಣದ ಅಥವಾ ಕಲಾಪದ ಲಿಖಿತ ಪಾಠವನ್ನು ಓದಿಸಬೇಕು. ಮೂಲವು ಇಂಗ್ಲಿಷಿನಲ್ಲಿದ್ದರೆ ಅದರ ಕನ್ನಡ ಸಾರಾಂಶವನ್ನು ಮುಂಚಿತವಾಗಿ ಸಿದ್ಧಪಡಿಸಿ ಕೈಗೆ ಕೊಡಬೇಕು. ಇಲ್ಲವಾದರೆ ಹಳ್ಳಿಯಿಂದ ಬಂದ ಮಗು ಚಿತ್ರವನ್ನು ಮಾತ್ರ ನೋಡಿ ಮನೆಗೆ ಹಿಂದಿರುಗುತ್ತದೆ. ಬಳಿಕ ಐದಾರು ನಿಮಿಷಗಳಿಗೆ ಮೀರದ ಭಾಗವೊಂದನ್ನು ಎರಡು ಬಾರಿ ಕೇಳಿಸಬೇಕು: ಮೊದಲ ಸಲ ಮೌನವಾಗಿ, ಎರಡನೆಯ ಸಲ ಟಿಪ್ಪಣಿ ಮಾಡಿಕೊಳ್ಳುತ್ತ. ಆಮೇಲೆ ನಾಲ್ಕು ಪ್ರಶ್ನೆಗಳು. ಇದನ್ನು ಮುದ್ರಿಸಿದವರು ಯಾರು? ಯಾರಿಗಾಗಿ? ಇದರಲ್ಲಿ ಬಿಟ್ಟುಹೋದುದು ಏನು? ಇದೇ ಘಟನೆಗೆ ಬೇರೆ ಯಾವ ಸಾಕ್ಷ್ಯ ಉಂಟು? ಬೇಗೂರಿನ ಕಲ್ಲಿಗೆ ಕೇಳಿದ ಪ್ರಶ್ನೆಗಳೇ ಇವು.

ನಾಟಕವನ್ನೂ ದಾಖಲೆಯನ್ನೂ ಒಂದೆಂದು ತಿಳಿಯುವ ಅಪಾಯವಿದೆ. ಶ್ಯಾಮ್ ಬೆನೆಗಲ್ ಅವರು 2014ರಲ್ಲಿ ನಿರ್ಮಿಸಿದ ‘ಸಂವಿಧಾನ್’ ಧಾರಾವಾಹಿ ಹತ್ತು ಕಂತುಗಳ ಉತ್ತಮ ಕೃತಿ. ಆದರೆ ಅದರಲ್ಲಿ ಮಾತನಾಡುವವರು ನಟರು. ಅದನ್ನು ತೋರಿಸುವ ಮುನ್ನ ಈ ಮಾತನ್ನು ಹೇಳಲೇಬೇಕು. ಇದಕ್ಕಿಂತ ದೊಡ್ಡ ಅಪಾಯವೂ ಇಂದು ಬಂದೊದಗಿದೆ. ಯಾರೂ ಆಡದ ಮಾತನ್ನು ಅವರದೇ ಧ್ವನಿಯಲ್ಲಿ, ಅವರದೇ ಮುಖದಿಂದ ಆಡಿಸುವ ಯಂತ್ರವಿದ್ಯೆ ಬೆಳೆದು ಮೊಬೈಲು ದೂರವಾಣಿಯ ಮೂಲಕ ಮನೆಮನೆಗೂ ತಲಪುತ್ತಿದೆ. ಮೂಲವನ್ನು ವಿಚಾರಿಸುವ ಅಭ್ಯಾಸವನ್ನು ಶಾಲೆಯಲ್ಲಿಯೇ ಮಾಡಿಸದಿದ್ದರೆ, ನಾಳಿನ ಮತದಾರನು ಬಲ್ಲವರಿಂದಲ್ಲ, ಬಹಳ ಸಲ ಕೇಳಿಸಿದವರಿಂದ ಪಾಠ ಕಲಿಯುತ್ತಾನೆ.

ಉಳಿಸಬೇಕಾದ ಧ್ವನಿಗಳು

ಇನ್ನೊಂದು ಕರ್ತವ್ಯವೂ ಉಂಟು. 1952ರ ಮೊದಲ ಮಹಾಚುನಾವಣೆಯಲ್ಲಿ ಮತ ಹಾಕಿದವರು, 1956ರ ನವೆಂಬರ್ 1ರ ಏಕೀಕರಣವನ್ನು ಕಂಡವರು ಈಗ ಬೆರಳೆಣಿಕೆಯಷ್ಟು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದನ್ನೂ, ಎಪ್ಪತ್ತರ ದಶಕದ ಭೂಸುಧಾರಣೆಯಿಂದ ಗೇಣಿದಾರರು ಒಡೆಯರಾದುದನ್ನೂ ಕಂಡವರು ವೃದ್ಧರಾಗಿದ್ದಾರೆ. ಬೇಗೂರಿನಂತಹ ಊರುಗಳಲ್ಲಿ, ಹೊಲಗದ್ದೆಗಳು ಬಡಾವಣೆಗಳಾಗಿ ಹಳ್ಳಿಯು ಮಹಾನಗರದಲ್ಲಿ ಕರಗಿದುದನ್ನು ಬಲ್ಲ ಹಿರಿಯರೂ ಇದ್ದಾರೆ. ವಿದ್ಯಾರ್ಥಿಗಳು ಅವರ ಮನೆಗೆ ಹೋಗಿ, ಅನುಮತಿ ಪಡೆದು, ಹೆಸರು, ದಿನಾಂಕ, ಸ್ಥಳಗಳನ್ನು ನಮೂದಿಸಿ ಅವರ ಮಾತುಗಳನ್ನು ಮುದ್ರಿಸಿಕೊಂಡರೆ, ಸಾಕ್ಷ್ಯವನ್ನು ಪರೀಕ್ಷಿಸುವುದರ ಜೊತೆಗೆ ಸಾಕ್ಷ್ಯವನ್ನು ಪ್ರಾಮಾಣಿಕವಾಗಿ ಸಂಗ್ರಹಿಸುವುದನ್ನೂ ಕಲಿಯುತ್ತಾರೆ.

ಶಾಲೆಗಳ ಹಳೆಯ ಕಪಾಟುಗಳಲ್ಲಿ ವಾರ್ಷಿಕೋತ್ಸವಗಳ, ಸಭೆಗಳ ಧ್ವನಿಸುರುಳಿಗಳೂ ಕ್ಯಾಸೆಟ್ಟುಗಳೂ ಬೂಷ್ಟು ಹಿಡಿದು ಹಾಳಾಗುತ್ತಿರುವುದು ಅಪರೂಪವಲ್ಲ. ಅವುಗಳನ್ನು ಹೊಸ ಮಾಧ್ಯಮಕ್ಕೆ ಇಳಿಸಿ, ಎರಡು ಕಡೆ ಪ್ರತಿ ಇರಿಸಿ, ಅನುಕ್ರಮಣಿಕೆ ಬರೆಯುವ ಕೆಲಸಕ್ಕೆ ಹಿರಿಯ ವಿದ್ಯಾರ್ಥಿಗಳ ಶ್ರಮವೂ ದಾನಿಗಳ ಅಲ್ಪ ನೆರವೂ ಸಾಕು. ಕೊಠಡಿ ಕಟ್ಟಿಸಿದವರ ಹೆಸರು ಗೋಡೆಯ ಮೇಲೆ ಉಳಿಯುತ್ತದೆ. ಧ್ವನಿಯನ್ನು ಉಳಿಸಿದವರ ಪುಣ್ಯ ಕೇಳುವವರ ಕಿವಿಯಲ್ಲಿ ಉಳಿಯುತ್ತದೆ.

ನಾಗತ್ತರನ ಕಲ್ಲು ಸಾವಿರದ ನೂರು ವರ್ಷ ಬಾಳಿತು. ಕಾಂತಸುರುಳಿಯು ಐವತ್ತು ವರ್ಷ ಬಾಳಿದರೆ ಹೆಚ್ಚು. ಕಲ್ಲು ತಾನಾಗಿ ಉಳಿಯಿತು, ಧ್ವನಿಯನ್ನು ಮಾತ್ರ ಮನುಷ್ಯರೇ ಉಳಿಸಬೇಕು. ಹಾಗೆ ಉಳಿದುದನ್ನು ಭಕ್ತಿಯಿಂದ ಕೇಳಿ, ವಿವೇಕದಿಂದ ಪ್ರಶ್ನಿಸುವ ವಿದ್ಯಾರ್ಥಿಗಳು ಹೊರಬಂದರೆ ರಾಜ್ಯಶಾಸ್ತ್ರದ ಬೋಧನೆ ಸಾರ್ಥಕವಾದೀತು.