ದೇವನಗರವೆನಿಸಿದ ಬ್ಯಾಂಕಾಕ್

ಸಯಾಂ ಎಂದು ಹಿಂದೆ ಪ್ರಸಿದ್ಧವಾಗಿ ಈಗ ಥಾಯ್ಲೆಂಡ್ ಎನಿಸಿಕೊಂಡಿರುವ ದೇಶದ ರಾಜಧಾನಿಯನ್ನು ಹೊರಗಿನವರೆಲ್ಲ ಬ್ಯಾಂಕಾಕ್ ಎಂದು ಕರೆಯುವರು. ಅಲ್ಲಿಯ ಜನರಿಗಾದರೋ ಅದು ‘ಕ್ರುಂಗ್ ಥೇಪ್’. ಥೇಪ್ ಎಂದರೆ ದೇವ. ಆದ್ದರಿಂದ ಇದು ದೇವನಗರ. ಇದರ ಪೂರ್ಣನಾಮವು ಬಹು ದೀರ್ಘವಾದುದು. ಮಹಾನಗರ, ಅಮರ, ರತ್ನ, ರಾಜಧಾನೀ, ವಿಮಾನ, ಅವತಾರ ಮೊದಲಾದ ಶಬ್ದಗಳು ಅದರಲ್ಲಿ ಅಡಗಿವೆ. ಶಕ್ರನು ಕೊಟ್ಟು ವಿಶ್ವಕರ್ಮನು ಕಟ್ಟಿದ ಪುರವೆಂಬುದು ಅದರ ಕೊನೆಯ ಭಾಗದ ತಾತ್ಪರ್ಯ. ಕಿವಿಯಿಂದ ಕೇಳಿದರೆ ಈ ಹೆಸರು ನಮಗೆ ಅಪರಿಚಿತ. ಅಕ್ಷರ ಬಿಡಿಸಿ ನೋಡಿದರೆ ಬಂಧುವಿನಂತೆ ತೋರುವುದು.

ಈ ಭವ್ಯನಾಮದ ಹಿಂದೆ ಒಂದು ದುಃಖದ ಕಥೆಯುಂಟು. ಅಯೋಧ್ಯೆಯ ಹೆಸರನ್ನೇ ಹೊತ್ತಿದ್ದ ಅಯುತ್ಥಯ ಎಂಬ ಹಳೆಯ ರಾಜಧಾನಿಯನ್ನು ೧೭೬೭ರಲ್ಲಿ ಬರ್ಮೀಯರು ನಾಶಗೊಳಿಸಿದರು. ಬಳಿಕ ತಾಕ್ಸಿನ್ ದೊರೆಯು ಚಾವೋ ಫ್ರಯಾ ನದಿಯ ಪಶ್ಚಿಮ ತೀರದ ಥೊನ್‌ಬುರಿಯಿಂದ ರಾಜ್ಯವಾಳಿದನು. ೧೭೮೨ರಲ್ಲಿ ಚಕ್ರಿ ವಂಶದ ಪ್ರಥಮ ದೊರೆ ಒಂದನೆಯ ರಾಮನು ಪೂರ್ವತೀರದಲ್ಲಿ ಈ ನಗರವನ್ನು ಸ್ಥಾಪಿಸಿದನು. ಅಳಿದುಹೋದ ಅಯೋಧ್ಯೆಯ ಹೆಸರನ್ನು ಹೊಸ ಊರಿನ ಹೆಸರಿನೊಳಗೆ ಸೇರಿಸಿ ಉಳಿಸಿಕೊಂಡರು.

ಯಾತ್ರಿಕರು ಮೊದಲು ನೋಡತಕ್ಕದ್ದು ಅರಮನೆಯ ಆವರಣದಲ್ಲಿರುವ ವಾತ್ ಫ್ರ ಕೇವ್ ದೇವಾಲಯ. ಇಲ್ಲಿಯ ಬುದ್ಧವಿಗ್ರಹವು ಪಚ್ಚೆಯದೆಂದು ಹೆಸರಾಗಿದ್ದರೂ ವಾಸ್ತವವಾಗಿ ಹಸುರು ವರ್ಣದ ಬೇರೊಂದು ಶಿಲೆಯದು. ಎತ್ತರ ಸುಮಾರು ೬೬ ಸೆಂಟಿಮೀಟರ್. ಬೇಸಗೆ, ಮಳೆ, ಚಳಿ ಎಂಬ ಮೂರು ಋತುಗಳಿಗೆ ತಕ್ಕಂತೆ ವಿಗ್ರಹದ ಉಡುಪನ್ನು ಬದಲಿಸುವುದು ರಾಜನದೇ ಕೈಂಕರ್ಯ. ಬಾಗಿಲಲ್ಲಿ ಗದಾಪಾಣಿಗಳಾದ ಬೃಹದಾಕಾರದ ಕಾವಲುಗಾರರು ನಿಂತಿದ್ದಾರೆ. ಅವರಿಗೆ ‘ಯಕ್’ ಎಂದು ಹೆಸರು. ಯಕ್ಷ ಶಬ್ದವೇ ಹೀಗಾಗಿದೆ.

ಸುತ್ತಣ ಮೊಗಸಾಲೆಯ ಗೋಡೆಗಳ ಮೇಲೆ ೧೭೮ ಚಿತ್ರಫಲಕಗಳಲ್ಲಿ ‘ರಾಮಕಿಯನ್’ ಕಥೆಯನ್ನು ಬರೆದಿದ್ದಾರೆ. ರಾಮಕೀರ್ತಿ ಎಂದು ಅದರ ಅರ್ಥ. ಇಲ್ಲಿ ದಶಕಂಠನು ‘ಥೋತ್ಸಕನ್’. ಸೀತೆಯು ಅವನ ಮಗಳೇ ಆಗಿರುವಳು. ಆಂಜನೇಯನಂತೂ ಬ್ರಹ್ಮಚಾರಿಯಲ್ಲ, ಸುವರ್ಣಮತ್ಸ್ಯೆಯೆಂಬ ಜಲಕನ್ಯೆಯನ್ನು ವರಿಸುತ್ತಾನೆ! ನಮ್ಮವರು ಇದನ್ನು ಕಂಡು ಹುಬ್ಬೇರಿಸುವುದುಂಟು. ಆದರೆ ಸೀತೆ ರಾವಣನ ಮಗಳೆಂಬ ಕಥೆ ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿಯೂ ಇರುವುದೆಂಬುದನ್ನು ವಾಚಕರು ಮರೆಯಬಾರದು.

ಸಮೀಪದ ವಾತ್ ಫೋ ವಿಹಾರದಲ್ಲಿ ೪೬ ಮೀಟರ್ ಉದ್ದದ ಶಯನಬುದ್ಧನಿದ್ದಾನೆ. ಪಾದತಲಗಳಲ್ಲಿ ಮುತ್ತಿನ ಚಿಪ್ಪಿನಿಂದ ಕೆತ್ತಿ ಕೂಡಿಸಿದ ೧೦೮ ಮಂಗಳಚಿಹ್ನೆಗಳಿವೆ. ನದಿಯನ್ನು ದೋಣಿಯಲ್ಲಿ ದಾಟಿದರೆ ಅರುಣನ ಹೆಸರಿನ ವಾತ್ ಅರುಣ್. ಪಿಂಗಾಣಿಯ ಚೂರುಗಳಿಂದ ಅಲಂಕೃತವಾದ ಅದರ ಗೋಪುರವು ಸಂಜೆಯ ಬಿಸಿಲಿನಲ್ಲಿ ಬಲು ಸೊಗಸು. ನಗರದ ನಡುವೆ ಕೆಂಪು ಕಂಬಗಳ ಮಹಾ ಉಯ್ಯಾಲೆಯೂ ಅದರ ಬಳಿ ಬ್ರಾಹ್ಮಣರ ದೇವಸ್ಥಾನವೂ ಇವೆ. ಉಯ್ಯಾಲೆಯ ಉತ್ಸವವು ೧೯೩೫ರಲ್ಲಿ ನಿಂತುಹೋಯಿತು. ರಾಜಪುರೋಹಿತರ ಪರಂಪರೆ ನಿಲ್ಲಲಿಲ್ಲ. ೨೦೧೯ರ ಪಟ್ಟಾಭಿಷೇಕದಲ್ಲಿಯೂ ಅವರು ಪಾಲುಗೊಂಡರು.

ಇದನ್ನೆಲ್ಲ ಕಂಡು, “ಇವೆಲ್ಲ ನಮ್ಮವೇ, ಇವರು ಉಚ್ಚಾರ ಕೆಡಿಸಿದ್ದಾರೆ” ಎಂದು ಬೀಗುವ ಪ್ರವಾಸಿಗಳುಂಟು. ನಮಗೆ ಇದು ಸರಿತೋರದು. ಅವರ ವಿಮಾನನಿಲ್ದಾಣದ ಹೆಸರನ್ನು ಸುವರ್ಣಭೂಮಿ ಎಂದೇ ಬರೆದು ‘ಸುವನ್ನಫೂಮ್’ ಎಂದು ಓದುವರು: ಬರಹದಲ್ಲಿ ಮೂಲವನ್ನು ಕಾಪಾಡಿ ನುಡಿಯಲ್ಲಿ ತಮ್ಮತನವನ್ನು ಉಳಿಸಿಕೊಂಡರು. ಯಕ್ಷನನ್ನು ಜಕ್ಕನೆಂದೂ ಆಕಾಶವನ್ನು ಆಗಸವೆಂದೂ ಮಾಡಿಕೊಂಡ ಕನ್ನಡಿಗರು ಅನ್ಯರ ತದ್ಭವಗಳನ್ನು ಕಂಡು ನಗುವುದುಂಟೆ? ಮೇಲಾಗಿ ಈ ಸಂಪತ್ತಿನಲ್ಲಿ ಬಹುಭಾಗವು ಪಾಳಿಯ ಮೂಲಕವೂ ನೆರೆಯ ಖ್ಮೇರರ ಮೂಲಕವೂ ಅವರಿಗೆ ಬಂದದ್ದು. ಮಗಳನ್ನು ಕೊಟ್ಟ ಮನೆಗೆ ಹೋದ ಹಿರಿಯನು ಅಲ್ಲಿ ಯಜಮಾನಿಕೆ ಮಾಡಲಾಗದು. ಅವಳು ಆ ಮನೆಯನ್ನು ಬೆಳಗಿರುವುದನ್ನು ಕಂಡು ಸಂತೋಷಿಸಬೇಕು.

ಹೋಗುವವರಿಗೆ ಎರಡು ಮಾತು. ನವಂಬರಿನಿಂದ ಫೆಬ್ರುವರಿಯವರೆಗಿನ ಕಾಲವು ಹಿತಕರ. ಭುಜ, ಮೊಣಕಾಲುಗಳು ಮುಚ್ಚುವಂತೆ ಉಡತಕ್ಕದ್ದು. ಪಾದರಕ್ಷೆಗಳನ್ನು ಹೊರಗೆ ಬಿಡಬೇಕು. ಬುದ್ಧನ ಕಡೆಗೆ ಕಾಲು ಚಾಚಿ ಕುಳ್ಳಿರಬಾರದು. ಮಕ್ಕಳನ್ನು ಕರೆದೊಯ್ಯುವವರು ಹೊರಡುವ ಮೊದಲೇ ಅವರಿಗೆ ರಾಮಾಯಣದ ಕಥೆಯನ್ನು ಹೇಳಿರಲಿ. ಆ ಗೋಡೆಗಳ ಮುಂದೆ ನಿಂತು ಯಾವುದು ಒಂದೇ, ಯಾವುದು ಬೇರೆ ಎಂಬುದನ್ನು ಅವರೇ ಹುಡುಕಿಕೊಳ್ಳುವರು.